ಒಂಬತ್ತು ಡಾರ್ಟ್, ಮೂವತ್ತಾರು ಪಾಟ್: ಯಾವುದು ಹೆಚ್ಚು ಕಠಿಣ?

ಮೈಸೂರಿನಲ್ಲಿ ನನ್ನ ಬಳಿ ಸ್ನೂಕರ್ ಕಲಿಯಲು ಬರುವ ಹುಡುಗರಲ್ಲಿ ಹೆಚ್ಚಿನವರು ಕೇರಂ ಆಡಿ ಕೈ ಪಳಗಿಸಿಕೊಂಡವರು. ಡಾರ್ಟ್ಸ್ ಅವರಿಗೆ ಪರಿಚಯವಾದದ್ದು ಮೊಬೈಲಿನಲ್ಲಿ. ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ಯಾರಾದರೂ ಒಂಬತ್ತೇ ಡಾರ್ಟ್‌ಗಳಲ್ಲಿ ಲೆಗ್ (ಡಾರ್ಟ್ಸ್‌ನ ಒಂದು ಸುತ್ತು) ಮುಗಿಸಿದ ದೃಶ್ಯ ಹರಿದಾಡಿದಾಗಲೆಲ್ಲ ಅವರು ಕೇಳುವುದು ಒಂದೇ ಪ್ರಶ್ನೆ: ಇದು ಕಷ್ಟವೋ, ನಮ್ಮ ಸ್ನೂಕರಿನ ಪೂರ್ಣ ಅಂಕವಾದ 147 ಕಷ್ಟವೋ? ಈವರೆಗೆ ಯಾವುದು ಎಷ್ಟು ಬಾರಿ ಆಗಿದೆ ಎಂದು ಎಣಿಸಿ ಉತ್ತರ ಹೇಳುವವರಿದ್ದಾರೆ. ಆ ದಾರಿ ಸರಿಯಲ್ಲ. ಡಾರ್ಟ್ಸ್‌ನ ಒಂದು ಲೆಗ್ ಕೆಲವೇ ನಿಮಿಷಗಳಲ್ಲಿ ಮುಗಿದು ಮುಂದಿನದು ಆರಂಭವಾಗುತ್ತದೆ, ಅದೂ ಇಬ್ಬರು ಆಟಗಾರರಿಗೂ ಬೇರೆ ಬೇರೆ ಅವಕಾಶದೊಂದಿಗೆ. ಸ್ನೂಕರಿನ ಫ್ರೇಮ್, ಅಂದರೆ ಒಂದು ಸುತ್ತು, ನಿಧಾನವಾದದ್ದು, ಅದರಲ್ಲಿ ಪೂರ್ಣ ಅಂಕದ ಅವಕಾಶ ಸಿಕ್ಕರೂ ಒಬ್ಬನಿಗೆ ಮಾತ್ರ. ಎಷ್ಟು ಅವಕಾಶಗಳ ಪೈಕಿ ಎಷ್ಟು ಎಂಬುದನ್ನು ಬಿಟ್ಟು ಬರಿಯ ಎಣಿಕೆಯನ್ನು ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಮೊದಲು ಡಾರ್ಟ್ಸ್ ನೋಡೋಣ. 501ರಿಂದ ಕಳೆಯುತ್ತ ಸರಿಯಾಗಿ ಸೊನ್ನೆಗೆ ಬರಬೇಕು, ಕೊನೆಯ ಡಾರ್ಟ್ ಅಂಕ ಇಮ್ಮಡಿಯಾಗುವ ಡಬಲ್ ಪಟ್ಟಿಗೋ ನಟ್ಟನಡುವಿನ 50 ಅಂಕದ ಬುಲ್‌ಗೋ ಬೀಳಬೇಕು. ಒಂದು ಡಾರ್ಟ್‌ಗೆ ಸಿಗುವ ಗರಿಷ್ಠ ಅಂಕ, ಮೂರು ಪಟ್ಟು ಅಂಕ ಕೊಡುವ ಪಟ್ಟಿಯಾದ 20ರ ಟ್ರೆಬಲ್‌ನ 60. ಏಳು ಟ್ರೆಬಲ್‌ಗಳ ಮೇಲೆ ಬುಲ್ ಹೊಡೆದರೂ ಎಂಟು ಡಾರ್ಟ್‌ಗಳಿಗೆ 470 ಮಾತ್ರ ಆಗುವುದರಿಂದ ಒಂಬತ್ತಕ್ಕಿಂತ ಕಡಿಮೆಯಲ್ಲಿ ಮುಗಿಸಲು ಸಾಧ್ಯವಿಲ್ಲ. ಒಂಬತ್ತರಲ್ಲಿ ಮುಗಿಸಲು 3,944 ಮಾರ್ಗಗಳಿವೆ. ಆದರೆ ಬಹುತೇಕ ಆಟಗಾರರು ಹಿಡಿಯುವುದು ಒಂದೇ ಹಾದಿಯನ್ನು. ಮೂರು ಮೂರು ಡಾರ್ಟ್‌ಗಳ ಎರಡು ಸರದಿಗಳಲ್ಲಿ 180 ಮತ್ತು 180, ಉಳಿದ 141ಕ್ಕೆ 20ರ ಟ್ರೆಬಲ್, 19ರ ಟ್ರೆಬಲ್, 12ರ ಡಬಲ್. 1984ರ ಅಕ್ಟೋಬರ್ 13ರಂದು ಟೆಲಿವಿಷನ್‌ನಲ್ಲಿ ಮೊದಲ ಬಾರಿ ಇದನ್ನು ಸಾಧಿಸಿದ ಜಾನ್ ಲೋ ಮಾತ್ರ ಕೊನೆಯ 141 ಅನ್ನು 17ರ ಟ್ರೆಬಲ್, 18ರ ಟ್ರೆಬಲ್, 18ರ ಡಬಲ್‌ನಿಂದ ತೀರಿಸಿದ್ದರು. ಮೂರು ಸರದಿಗಳಲ್ಲೂ 167 ಗಳಿಸಿದರೆ ಕೂಡಿಸಿದಾಗ ಸರಿಯಾಗಿ 501 ಆಗುತ್ತದೆ ಎಂಬುದು ಲೆಕ್ಕ ಪ್ರಿಯರಿಗೆ ಸಂತೋಷ ಕೊಡುವ ಸಂಗತಿ. ಆದರೆ ಪ್ರತಿ ಸರದಿಯಲ್ಲೂ ಬುಲ್ ಹೊಡೆಯಬೇಕಾದ ಆ ದಾರಿಯಲ್ಲಿ ನಡೆಯುವ ಧೈರ್ಯ ಅಪರೂಪ.

ಗುರಿಯ ಅಳತೆಯನ್ನು ಗಮನಿಸಿದರೆ ಈ ಸಾಧನೆಯ ತೂಕ ಅರ್ಥವಾಗುತ್ತದೆ. ಆಟಗಾರ ನಿಲ್ಲುವ ಗೆರೆಯಿಂದ ಬೋರ್ಡಿಗೆ 2.37 ಮೀಟರ್ ದೂರ. 20ರ ಟ್ರೆಬಲ್ ಅಡ್ಡಕ್ಕೆ ಸುಮಾರು 32 ಮಿಲಿಮೀಟರ್ ಇದ್ದರೂ ಎತ್ತರ ಕೇವಲ 8 ಮಿಲಿಮೀಟರ್. ಅಂದರೆ ನಡುವಿನಿಂದ ಮೇಲಕ್ಕಾಗಲಿ ಕೆಳಕ್ಕಾಗಲಿ 4 ಮಿಲಿಮೀಟರ್ ಸರಿದರೆ ಗುರಿ ತಪ್ಪಿತು; ಕೋನದಲ್ಲಿ ಹೇಳುವುದಾದರೆ ಅದು ಒಂದು ಡಿಗ್ರಿಯ ಹತ್ತನೇ ಒಂದು ಭಾಗ. ಬೆರಳು ಡಾರ್ಟ್ ಬಿಡುವ ಕ್ಷಣ ತುಸು ಹಿಂದುಮುಂದಾದರೆ ಅದು ಮೊದಲು ಕಾಣಿಸಿಕೊಳ್ಳುವುದು ಈ ಎತ್ತರದಲ್ಲೇ.

ಇನ್ನು ಸಂಭವನೀಯತೆ. ಒಬ್ಬ ಆಟಗಾರ ಟ್ರೆಬಲ್ಲಿಗೂ ಡಬಲ್ಲಿಗೂ ನೂರಕ್ಕೆ 45 ಬಾರಿ ಗುರಿ ಮುಟ್ಟುತ್ತಾನೆ ಎಂದು ಇಟ್ಟುಕೊಂಡರೆ, ಒಂಬತ್ತೂ ಸತತವಾಗಿ ಬೀಳುವ ಸಾಧ್ಯತೆ ಸುಮಾರು 1,300ಕ್ಕೆ ಒಂದು. ನೂರಕ್ಕೆ 40 ಎಂದರೆ ಸುಮಾರು 3,800ಕ್ಕೆ ಒಂದು. ಕೈಯ ನಿಖರತೆ ನೂರಕ್ಕೆ ಐದರಷ್ಟು ಇಳಿದರೆ ಸಾಧ್ಯತೆ ಮೂರನೇ ಒಂದಕ್ಕೆ ಕುಸಿಯುತ್ತದೆ. ಈ ಗುಣಾಕಾರ ಇಲ್ಲಿ ಸಲ್ಲುವುದಕ್ಕೆ ಕಾರಣವಿದೆ. ಪ್ರತಿ ಎಸೆತವೂ ಅದೇ ಗೆರೆಯಿಂದ, ಅದೇ ದೂರದ, ಅಲುಗಾಡದ ಗುರಿಗೆ. ಹಿಂದಿನ ಡಾರ್ಟ್ ಟ್ರೆಬಲ್ಲಿನ ನಡುವೆ ಬಿದ್ದಿರಲಿ, ತಂತಿಯನ್ನು ಸವರಿಕೊಂಡು ಬಿದ್ದಿರಲಿ, ಮುಂದಿನ ಎಸೆತದ ಕಷ್ಟ ಹೆಚ್ಚುಕಡಿಮೆ ಅಷ್ಟೇ. ಬೋರ್ಡಿನಲ್ಲಿ ಚುಚ್ಚಿಕೊಂಡಿರುವ ಡಾರ್ಟ್ ಕೆಲವೊಮ್ಮೆ ದಾರಿಗೆ ಅಡ್ಡ ಬರುತ್ತದೆ, ಅಷ್ಟು ಬಿಟ್ಟರೆ ಎಸೆತಗಳು ಒಂದಕ್ಕೊಂದು ಸಾಲಗಾರರಲ್ಲ.

ಇದೇ ಗುಣಾಕಾರವನ್ನು ಸ್ನೂಕರಿಗೆ ಹಚ್ಚಿದರೆ ವಿಚಿತ್ರವಾದ ಉತ್ತರ ಬರುತ್ತದೆ. 15 ರೆಡ್‌ಗಳು, ಪ್ರತಿ ರೆಡ್ (1 ಅಂಕ) ಆದಮೇಲೆ ಒಂದು ಬ್ಲ್ಯಾಕ್ (7 ಅಂಕ), ಹೀಗೆ 120 ಅಂಕ; ನಂತರ ಹಳದಿಯಿಂದ ಕಪ್ಪಿನವರೆಗೆ ಆರು ಬಣ್ಣಗಳ 27 ಅಂಕ; ಒಟ್ಟು 147, ಸತತ 36 ಪಾಟ್, ಅಂದರೆ ಚೆಂಡನ್ನು ಪಾಕೆಟ್ಟಿಗೆ ಬೀಳಿಸುವ 36 ಹೊಡೆತ. ನೂರಕ್ಕೆ 95 ಪಾಟ್ ಮಾಡಬಲ್ಲ ಆಟಗಾರನಿಗೆ 36 ಸತತ ಪಾಟ್‌ಗಳ ಸಾಧ್ಯತೆ ಸುಮಾರು ನೂರಕ್ಕೆ 16. ಇದನ್ನು ನಂಬಿದರೆ ಆತ ಆರೇಳು ಫ್ರೇಮ್‌ಗಳಿಗೊಂದು 147 ಮಾಡಬೇಕಾಗುತ್ತದೆ. ಜಗತ್ತಿನ ಯಾವ ಆಟಗಾರನೂ ಆ ಗತಿಗೆ ಹತ್ತಿರವೂ ಬಂದಿಲ್ಲ. ಜೋ ಡೇವಿಸ್ 1955ರಲ್ಲಿ ಮೊದಲ ಅಧಿಕೃತ 147 ಮಾಡಿದಂದಿನಿಂದ ಇಷ್ಟು ದಶಕಗಳಲ್ಲಿ ವೃತ್ತಿಪರ ಸ್ಪರ್ಧೆಗಳ ಪಟ್ಟಿ 200 ದಾಟಿರುವುದು ಈಚೆಗೆ. ಅತಿ ಹೆಚ್ಚು ಮಾಡಿರುವ ರಾನಿ ಓ'ಸಲಿವನ್ ಅವರ ಸಂಖ್ಯೆ ಮೂರು ದಶಕಗಳ ವೃತ್ತಿಜೀವನದಲ್ಲೂ ಇಪ್ಪತ್ತರ ಒಳಗಿದೆ. ಲೆಕ್ಕಕ್ಕೂ ವಾಸ್ತವಕ್ಕೂ ನಡುವಿನ ಈ ಅಂತರದಲ್ಲೇ ನಮ್ಮ ಪ್ರಶ್ನೆಗೆ ಉತ್ತರವಿದೆ.

ಸ್ನೂಕರಿನಲ್ಲಿ ಪಾಟ್ ಮಾಡುವುದು ಅರ್ಧ ಕೆಲಸ. ಬಿಳಿ ಚೆಂಡು ನಿಂತ ಜಾಗವೇ ಮುಂದಿನ ಹೊಡೆತದ ಕಷ್ಟವನ್ನು ನಿರ್ಧರಿಸುತ್ತದೆ. ಬ್ಲ್ಯಾಕ್ ತನ್ನ ಗುರುತಿನ ಮೇಲಿದ್ದಾಗ ಮೂಲೆಯ ಪಾಕೆಟ್ಟಿಗೆ ಇರುವ ದೂರ 95 ಸೆಂಟಿಮೀಟರಿನಷ್ಟು. ಒಳ್ಳೆಯ ಕೋನ ಸಿಕ್ಕರೆ ಪಳಗಿದ ಆಟಗಾರ ಅದನ್ನು ತಪ್ಪಿಸುವುದು ಅಪರೂಪ. ಆದರೆ ಹಿಂದಿನ ರೆಡ್ ಪಾಟ್ ಮಾಡುವಾಗ ಬಿಳಿ ಚೆಂಡು ಒಂದು ಗೇಣು ಹೆಚ್ಚು ಉರುಳಿದರೆ ಆ ಕೋನ ತಪ್ಪುತ್ತದೆ. ಆಗಲೂ ಬ್ಲ್ಯಾಕ್ ಬೀಳಬಹುದು, ಆದರೆ ಬಿಳಿ ಚೆಂಡು ಬಯಸಿದ ಕಡೆಗೆ ಹೋಗುವುದಿಲ್ಲ. ಮುಂದಿನ ರೆಡ್ ದೂರವಾಗುತ್ತದೆ, ಆ ದೂರದ ರೆಡ್ ಬಿದ್ದರೂ ಮತ್ತೆ ಬ್ಲ್ಯಾಕಿಗೆ ಬರುವ ದಾರಿ ಇನ್ನಷ್ಟು ಕಿರಿದಾಗುತ್ತದೆ. ಮೂರು ಹೊಡೆತಗಳ ಹಿಂದೆ ಮಾಡಿದ ಸಣ್ಣ ತಪ್ಪಿಗೆ ನಾಲ್ಕನೆಯದರಲ್ಲಿ ಬೆಲೆ ತೆರಬೇಕಾದ ಆಟವಿದು. ನೂರಕ್ಕೆ 95 ಎಂಬ ಒಂದೇ ಸಂಖ್ಯೆ ಇಲ್ಲಿ ಎಲ್ಲ ಹೊಡೆತಕ್ಕೂ ಅನ್ವಯಿಸುವುದಿಲ್ಲ. ಒಂದು ಹೊಡೆತಕ್ಕೆ ಅದು 99, ಇನ್ನೊಂದಕ್ಕೆ 50, ಮತ್ತು ಯಾವುದಕ್ಕೆ ಎಷ್ಟು ಎಂಬುದನ್ನು ಆಟಗಾರನೇ ತನ್ನ ಕೈಯಾರೆ ಬರೆಯುತ್ತಾ ಹೋಗುತ್ತಾನೆ.

ಇದರ ಮೇಲೆ ಟೇಬಲ್ ಒಡ್ಡುವ ಷರತ್ತುಗಳಿವೆ. ರೆಡ್‌ಗಳ ಗುಂಪು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಸಾಮಾನ್ಯವಾಗಿ ಬ್ಲ್ಯಾಕ್ ಪಾಟ್ ಮಾಡುತ್ತಲೇ ಬಿಳಿ ಚೆಂಡಿನಿಂದ ಗುಂಪನ್ನು ಒಡೆಯಬೇಕು, ಒಡೆದಾಗ ಯಾವ ರೆಡ್ ಎಲ್ಲಿ ನಿಲ್ಲುತ್ತದೆ ಎಂಬುದು ಪೂರ್ತಿ ಕೈಯಲ್ಲಿಲ್ಲ. ಒಂದು ರೆಡ್ ಕುಶನ್ನಿಗೆ ಅಂಟಿ ನಿಂತರೆ, ಇಲ್ಲವೇ ಬ್ಲ್ಯಾಕಿನ ದಾರಿಗೆ ಅಡ್ಡವಾದರೆ, 147ರ ಬಾಗಿಲು ಮುಚ್ಚಿಹೋಗಬಹುದು. ಜಾಣ ಆಟಗಾರ ಅಂಥ ಸಂದರ್ಭದಲ್ಲಿ ಪಿಂಕ್ ಅಥವಾ ಬ್ಲೂ ತೆಗೆದುಕೊಂಡು ಫ್ರೇಮ್ ಗೆಲ್ಲುತ್ತಾನೆ, ಗೆಲ್ಲಬೇಕಾದದ್ದೂ ಹಾಗೆಯೇ. ಪೂರ್ಣ ಅಂಕದ ಕನಸು ಅಲ್ಲಿಗೆ ಮುಗಿಯಿತು. ಕೊನೆಯದಾಗಿ ಎದುರಾಳಿ. ಫ್ರೀ ಬಾಲ್‌ನಂಥ (ಎದುರಾಳಿಯ ಫೌಲ್ ನಂತರ ಬೇರೆ ಚೆಂಡನ್ನು ರೆಡ್ ಎಂದು ಆಡಲು ಸಿಗುವ ಅವಕಾಶ) ಅಪರೂಪದ ಸಂದರ್ಭ ಬಿಟ್ಟರೆ, ಆತ ಒಂದೇ ಒಂದು ರೆಡ್ ಪಾಟ್ ಮಾಡಿದರೂ ಆ ಫ್ರೇಮಿನಲ್ಲಿ ಇನ್ನು ಯಾರಿಗೂ 147 ಇಲ್ಲ. ಡಾರ್ಟ್ಸ್‌ನಲ್ಲಿ ಎದುರಾಳಿ ನನ್ನ 501ರಿಂದ ಒಂದು ಅಂಕವನ್ನೂ ಕದಿಯಲಾರ. 2023ರ ಜನವರಿ 3ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್ಲಿನಲ್ಲಿ ಮೈಕೆಲ್ ವ್ಯಾನ್ ಗರ್ವೆನ್ ಎಂಟು ಡಾರ್ಟ್‌ಗಳನ್ನು ದೋಷವಿಲ್ಲದೆ ಎಸೆದು ಒಂಬತ್ತನೆಯದನ್ನು 12ರ ಡಬಲ್ಲಿನಲ್ಲಿ ತಪ್ಪಿಸಿದರು; ಅದೇ ಲೆಗ್‌ನಲ್ಲಿ ಮೈಕೆಲ್ ಸ್ಮಿತ್ ಒಂಬತ್ತನ್ನೂ ಮುಗಿಸಿದರು. ಒಂದೇ ಲೆಗ್‌ನಲ್ಲಿ ಇಬ್ಬರೂ ಪರಿಪೂರ್ಣತೆಯ ಅಂಚಿಗೆ ಬರುವುದು ಸ್ನೂಕರಿನಲ್ಲಿ ಆಗದ ಮಾತು.

ನಮ್ಮೂರಿನ ಆಟಗಾರರಿಗೆ ಇನ್ನೊಂದು ಕಷ್ಟವಿದೆ. ಅಂತರರಾಷ್ಟ್ರೀಯ ಸ್ಪರ್ಧೆಗಳ ಟೇಬಲ್‌ಗಳ ಕಲ್ಲಿನ ಕೆಳಗೆ ಹೀಟರ್ ಇರುತ್ತದೆ, ಬಟ್ಟೆ ಒಣಗಿ ಚುರುಕಾಗಿರುತ್ತದೆ. ಮೈಸೂರಿನ ಜೂನ್–ಜುಲೈ ಜಡಿಮಳೆಯಲ್ಲಿ ಹೀಟರ್ ಇಲ್ಲದ ಟೇಬಲ್ಲಿನ ಬಟ್ಟೆ ತೇವ ಹೀರಿ ಚೆಂಡನ್ನು ಹಿಡಿಯುತ್ತದೆ. ಮಾರ್ಚ್‌ನಲ್ಲಿ ಕಲಿತ ವೇಗದ ಅಂದಾಜು ಆಗ ಕೆಲಸಕ್ಕೆ ಬಾರದು. ಸ್ನೂಕರಿನ ನಿಯಮಗಳು ರೂಪುಗೊಂಡು ಗೋಡೆಯೇರಿದ್ದು ಇಲ್ಲಿಂದ ಬಂಡೀಪುರ ದಾಟಿದರೆ ಸಿಗುವ ಊಟಿಯ ಕ್ಲಬ್ಬಿನಲ್ಲಿ, 1880ರ ದಶಕದ ಆರಂಭದಲ್ಲಿ. ಆಟದ ತೊಟ್ಟಿಲಿಗೆ ಇಷ್ಟು ಹತ್ತಿರವಿದ್ದೂ ಭಾರತೀಯರೊಬ್ಬರು ವೃತ್ತಿಪರ ಸ್ಪರ್ಧೆಯಲ್ಲಿ 147 ಮಾಡಿದ್ದು 2014ರಲ್ಲಿ, ಜರ್ಮನಿಯಲ್ಲಿ, ಆದಿತ್ಯ ಮೆಹ್ತಾ ಅವರ ಕೈಯಿಂದ. ಒಳ್ಳೆಯ ಟೇಬಲ್ ಸಿಗದೆ ಉಳಿದುಹೋದ ಪ್ರತಿಭೆಯನ್ನು ನೆನೆದಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಡಾರ್ಟ್ಸ್ ಪರವಾಗಿ ಒಂದು ವಾದವನ್ನು ಪೂರ್ಣ ಮನಸ್ಸಿನಿಂದ ಒಪ್ಪಬೇಕು: ಅದರ ಕೊನೆಯ ಎಸೆತ ಸ್ನೂಕರಿನ ಕೊನೆಯ ಹೊಡೆತಕ್ಕಿಂತ ಕಠಿಣ. ಮೊದಲ ಏಳು ಡಾರ್ಟ್‌ಗಳಿಗೆ ಕೈ ಒಂದೇ ಗುರಿಗೆ ಒಗ್ಗಿಕೊಂಡಿರುತ್ತದೆ; ಎಂಟನೆಯದಕ್ಕೆ ಬೋರ್ಡಿನ ತಳದ 19ಕ್ಕೆ ಇಳಿಯಬೇಕು, ಒಂಬತ್ತನೆಯದಕ್ಕೆ ಎಡ ಮೇಲ್ಭಾಗದ 12ರ ಅಂಚಿಗೆ ಏರಬೇಕು, ಅದೂ ಸಭಾಂಗಣವೆಲ್ಲ ಎದ್ದು ಕೂಗುತ್ತಿರುವಾಗ. 1990ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಒಂಬತ್ತು ಡಾರ್ಟ್ ಸಾಧಿಸಿದ ಪಾಲ್ ಲಿಮ್ ಅವರೇ ಅರವತ್ತು ದಾಟಿದ ಮೇಲೆ ಗ್ಯಾರಿ ಆ್ಯಂಡರ್ಸನ್ ಎದುರು ಅದೇ 12ರ ಡಬಲ್ಲಿನಲ್ಲಿ ತಪ್ಪಿದರು. ಸ್ನೂಕರಿನ 36ನೆಯ ಹೊಡೆತ ಬಹುಪಾಲು ಗುರುತಿನ ಮೇಲಿನ ಬ್ಲ್ಯಾಕ್, ದಿನವೂ ಅಭ್ಯಾಸ ಮಾಡುವ ಪಾಟ್. ಆದರೂ 2000ದ ಮಾಸ್ಟರ್ಸ್ ಫೈನಲ್ಲಿನಲ್ಲಿ ಕೆನ್ ಡೊಹರ್ಟಿ ಅದನ್ನೇ ತಪ್ಪಿಸಿ 140ಕ್ಕೆ ನಿಂತರು.

ಅದೃಷ್ಟದ ಪಾಲನ್ನು ಅಳೆದಾಗ ತಕ್ಕಡಿ ಸ್ನೂಕರಿನ ಕಡೆಗೆ ವಾಲುತ್ತದೆ. ಒಳ್ಳೆಯ ಹವ್ಯಾಸಿಯೊಬ್ಬ ಸಾವಿರಾರು ಲೆಗ್ ಆಡುತ್ತಾ ಹೋದರೆ ಒಂದು ದಿನ ಒಂಬತ್ತೂ ಡಾರ್ಟ್ ಬೀಳಬಹುದು. ಹತ್ತಿಪ್ಪತ್ತು ಸೆಕೆಂಡುಗಳ ಎಸೆತವಷ್ಟೇ ಕೂಡಿಬರಬೇಕು. ಒಂದೇ ಸರದಿಯಲ್ಲಿ ಐವತ್ತು ಅಂಕ ದಾಟಲು ಒದ್ದಾಡುವ ಸ್ನೂಕರ್ ಆಟಗಾರನಿಗೆ ಮಾತ್ರ ಎಷ್ಟು ಜನ್ಮ ಆಡಿದರೂ 147 ಆಕಸ್ಮಿಕವಾಗಿ ಬರುವುದಿಲ್ಲ, ಏಕೆಂದರೆ ಪ್ರತಿ ಹೊಡೆತಕ್ಕೂ ಮುಂದಿನ ಎರಡು ಮೂರು ಚೆಂಡುಗಳ ತೀರ್ಮಾನ ಅಗತ್ಯ. 1997ರಲ್ಲಿ ಓ'ಸಲಿವನ್ ಐದು ನಿಮಿಷ ಎಂಟು ಸೆಕೆಂಡುಗಳಲ್ಲಿ 147 ಮುಗಿಸಿದರು. ಆ ವೇಗದಲ್ಲಿ ನನ್ನನ್ನು ಬೆರಗುಗೊಳಿಸುವುದು ಕೈಗಿಂತ ಹೆಚ್ಚಾಗಿ, ಹೊಡೆತಕ್ಕೆ ಒಂಬತ್ತು ಸೆಕೆಂಡೂ ಇಲ್ಲದ ಅವಧಿಯಲ್ಲಿ ಆದ ಆ ತೀರ್ಮಾನಗಳು.

ಹೀಗಾಗಿ ನನ್ನ ಉತ್ತರ ಖಚಿತ: ಒಂದೊಂದು ಎಸೆತವನ್ನು ಒಂದೊಂದು ಪಾಟ್‌ಗೆ ಹೋಲಿಸಿದರೆ ಡಾರ್ಟ್ಸ್ ಕಠಿಣ, ಇಡೀ ಸಾಧನೆಯನ್ನು ಹೋಲಿಸಿದರೆ 147 ಕಠಿಣ. ಇದರಿಂದ ನನ್ನ ತರಬೇತಿಯ ಕ್ರಮವೂ ನಿರ್ಧಾರವಾಗುತ್ತದೆ. ಡಾರ್ಟ್ಸ್ ಅಭ್ಯಾಸಿ ತನ್ನ ಟ್ರೆಬಲ್ಲಿನ ಶೇಕಡಾವಾರನ್ನು ಬರೆದಿಟ್ಟರೆ ಪ್ರಗತಿ ತಿಳಿಯುತ್ತದೆ. ಸ್ನೂಕರ್ ಕಲಿಯುವವರಿಗೆ ನಾನು ಪಾಟ್‌ಗಳನ್ನು ಎಣಿಸಲು ಹೇಳುವುದಿಲ್ಲ. ರೆಡ್‌ಗಳನ್ನು ಸಾಲಾಗಿ ಇಟ್ಟು ಆಡಿಸಿ, ಬಿಳಿ ಚೆಂಡು ಎಲ್ಲಿ ನಿಲ್ಲಬೇಕೆಂದು ಹೊಡೆಯುವ ಮೊದಲೇ ಹೇಳಿಸಿ, ಅದು ನಿಂತ ಜಾಗಕ್ಕೂ ಹೇಳಿದ ಜಾಗಕ್ಕೂ ಇರುವ ಅಂತರವನ್ನು ಬರೆಸುತ್ತೇನೆ.