ಅಮ್ಮನಿಗೆ ಎಷ್ಟು ದ್ವೀಪ ತೋರಿಸಬೇಕು?

ಪ್ರಶ್ನೆ: ಕೆರಿಬಿಯನ್‌ನಲ್ಲಿ ಸಣ್ಣ ಹಾಯಿದೋಣಿಯಲ್ಲಿ ವಾಸವಾಗಿದ್ದೇನೆ. ಫೆಬ್ರವರಿಯಲ್ಲಿ ಅಮ್ಮ ಊರಿನಿಂದ ಹತ್ತು ದಿನಕ್ಕೆ ಬರುತ್ತಿದ್ದಾರೆ. ಅವರು ಎಂದೂ ದೋಣಿ ಹತ್ತಿದವರಲ್ಲ, ಸಸ್ಯಾಹಾರಿ ಬೇರೆ. ಮಾರ್ಟಿನಿಕ್‌ನಿಂದ ಗ್ರೆನಡಾವರೆಗೆ ಎಲ್ಲ ದ್ವೀಪಗಳನ್ನೂ ತೋರಿಸಬಹುದೇ?

ಉತ್ತರ: ತೋರಿಸಬಹುದು. ಆದರೆ ಅಮ್ಮ ನೋಡುವುದು ದ್ವೀಪಗಳನ್ನಲ್ಲ, ವಾಂತಿಯ ಬಕೆಟ್ಟನ್ನು. ಮಾರ್ಟಿನಿಕ್, ಸೇಂಟ್ ಲೂಸಿಯಾ, ಸೇಂಟ್ ವಿನ್ಸೆಂಟ್‌ಗಳ ನಡುವಿನ ಜಲಸಂಧಿಗಳಿಗೆ ಅಟ್ಲಾಂಟಿಕ್‌ನ ಅಲೆ ಅಡೆತಡೆಯಿಲ್ಲದೆ ನುಗ್ಗುತ್ತದೆ. ಸಾಲದೆಂಬಂತೆ ಮಾರ್ಟಿನಿಕ್ ಫ್ರಾನ್ಸ್‌ನ ಭಾಗ; ಭಾರತದ ಪಾಸ್‌ಪೋರ್ಟಿಗೆ ಬೇರೆಯೇ ವೀಸಾ ಬೇಕು. ಆ ಆಸೆಯನ್ನು ಬಿಟ್ಟು, ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡಾಗಳ ನಡುವಿನ ಪುಟ್ಟ ದ್ವೀಪಗಳ ಸಾಲಾದ ಗ್ರೆನಡೀನ್ಸ್ ಒಂದನ್ನೇ ಹಿಡಿಯಿರಿ.

ಅಲ್ಲಿ ಗಾಳಿ ನಿಮ್ಮ ಪರವಾಗಿದೆ. ಫೆಬ್ರವರಿಯಲ್ಲಿ ಪೂರ್ವ, ಈಶಾನ್ಯದಿಂದ ಸಾಮಾನ್ಯವಾಗಿ 15ರಿಂದ 20 ನಾಟ್ (ಗಂಟೆಗೆ ಸುಮಾರು 28ರಿಂದ 37 ಕಿ.ಮೀ.) ವೇಗದ ವಾಣಿಜ್ಯ ಮಾರುತ ಬೀಸುತ್ತದೆ. ದ್ವೀಪಗಳ ಸಾಲು ದಕ್ಷಿಣಕ್ಕೆ ಇಳಿಯುವುದರಿಂದ ದೋಣಿ ಗಾಳಿಯನ್ನು ಪಕ್ಕಕ್ಕೆ ಪಡೆದು ಸರಾಗವಾಗಿ ಸಾಗುತ್ತದೆ. ಅದೇ ದಾರಿಯಲ್ಲಿ ಉತ್ತರಕ್ಕೆ ಮರಳಿದರೆ ಗಾಳಿಗೂ ಅಲೆಗೂ ಎದುರಾಗಬೇಕಾದೀತು. ಆದ್ದರಿಂದ ಅಮ್ಮ ಸೇಂಟ್ ವಿನ್ಸೆಂಟ್‌ನ ಆರ್ಗೈಲ್ ವಿಮಾನ ನಿಲ್ದಾಣದಲ್ಲಿ ಇಳಿದು ಗ್ರೆನಡಾದಿಂದ ವಿಮಾನ ಹತ್ತಲಿ.

ಮೊದಲ ಎರಡು ರಾತ್ರಿ ಸೇಂಟ್ ವಿನ್ಸೆಂಟ್‌ನ ಪಕ್ಕದ ಬೆಕ್ವೆ ದ್ವೀಪದ ಅಡ್ಮಿರಾಲ್ಟಿ ಕೊಲ್ಲಿಯಲ್ಲಿ ಲಂಗರು ಹಾಕಿ ಸುಮ್ಮನಿರಿ. ದೂರದ ಪ್ರಯಾಣದ ದಣಿವು ಇಳಿಯಬೇಕು, ದಡಕ್ಕೆ ಹೋಗಿಬರುವ ಪುಟ್ಟ ದೋಣಿ, ಅಂದರೆ ಡಿಂಗಿ, ಹತ್ತುವುದು ಅಭ್ಯಾಸವಾಗಬೇಕು. ಹಿರಿಯರಿಗೆ ನಿಜವಾದ ಪರೀಕ್ಷೆ ಈ ಡಿಂಗಿಯೇ, ಸಮುದ್ರವಲ್ಲ: ಏರಿಳಿಯುವ ರಬ್ಬರ್ ದೋಣಿಯಿಂದ ಕಟ್ಟೆಗೆ ಕಾಲಿಡುವಾಗ ಮಂಡಿಯೂ ಧೈರ್ಯವೂ ಒಟ್ಟಿಗೆ ಬೇಕು. ಸೀರೆ ಬೇಡ, ಚೂಡಿದಾರ ಇರಲಿ. ಇಳಿಯುವಾಗ ಮೊದಲು ನೀವು ಕಟ್ಟೆಗೆ ಹಾರಿ ಕೈ ಕೊಡಬೇಡಿ. ಡಿಂಗಿಯನ್ನು ಎರಡೂ ಕಡೆ ಕಟ್ಟಿ, ಅದು ಮೇಲೆದ್ದ ಗಳಿಗೆಯಲ್ಲಿ ಅವರು ಕಾಲಿಡಲಿ.

ವಾಂತಿಯ ಮಾತ್ರೆಯನ್ನು ವೈದ್ಯರನ್ನು ಕೇಳಿ ಹೊರಡುವ ಮೊದಲೇ ಕೊಡಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ಪ್ರಯೋಜನ ಕಡಿಮೆ. ದೋಣಿ ಸಾಗುವಾಗ ಕೆಳಗಿನ ಕೋಣೆಗೆ ಕಳಿಸಬೇಡಿ. ಚುಕ್ಕಾಣಿ ಅವರ ಕೈಗೆ ಕೊಟ್ಟು ದಿಗಂತ ತೋರಿಸಿ. ಚುಕ್ಕಾಣಿ ಹಿಡಿದವರಿಗೆ ಸಂಕಟ ಕಡಿಮೆ.

ಬೆಕ್ವೆಯಿಂದ ಟೊಬೇಗೊ ಕೇಸ್ ಸುಮಾರು 25 ನಾಟಿಕಲ್ ಮೈಲಿ (ಸುಮಾರು 46 ಕಿ.ಮೀ.). ಒಂದೇ ದಿನಕ್ಕೆ ಹೆಚ್ಚೆನಿಸಿದರೆ ನಡುವೆ ಕ್ಯಾನೂವಾನ್ ದ್ವೀಪದಲ್ಲಿ ತಂಗಿ. ಟೊಬೇಗೊ ಕೇಸ್‌ನಲ್ಲಿ ಹವಳದ ದಿಬ್ಬದ ಹಿಂದೆ, ಜನವಸತಿಯಿಲ್ಲದ ಐದು ಪುಟ್ಟ ದ್ವೀಪಗಳ ನಡುವೆ ನಿಂತ ಆ ನೀರಿನಲ್ಲಿ ಈಜು ಬಾರದವರೂ ಡಿಂಗಿಯಲ್ಲಿ ಕುಳಿತೇ ಹಸಿರು ಕಡಲಾಮೆಗಳನ್ನು ನೋಡಬಹುದು. ಇಲ್ಲಿ ದಿನಗಳನ್ನು ಧಾರಾಳವಾಗಿ ಖರ್ಚು ಮಾಡಿ. ಮುಂದಿನ ಯೂನಿಯನ್, ಕ್ಯಾರಿಯಾಕೂ ದ್ವೀಪಗಳನ್ನು 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಜಜ್ಜಿಹಾಕಿತು. ನೀರು, ತರಕಾರಿಯನ್ನು ಬೆಕ್ವೆಯಲ್ಲೇ ತುಂಬಿಕೊಳ್ಳುವುದು ಕ್ಷೇಮ.

ಊಟದ ಚಿಂತೆ ಅಷ್ಟಿಲ್ಲ. 1861ರಲ್ಲಿ ಮದ್ರಾಸಿನಿಂದ ‘ಟ್ರಾವಂಕೂರ್’ ಎಂಬ ಹಡಗು ಕೂಲಿಕಾರರನ್ನು ಸೇಂಟ್ ವಿನ್ಸೆಂಟ್‌ಗೆ ತಂದಿತು. ಇಂದು ಆಲೂಗಡ್ಡೆ, ಕಡಲೆಕಾಳು ಸುತ್ತಿದ ರೊಟ್ಟಿ ಅಲ್ಲಿ ಬೀದಿಯ ತಿಂಡಿ. ಮಾಂಸ ಬೇಡವೆಂದು ಮೊದಲೇ ಹೇಳಿ. ಜೀಗುಜ್ಜೆಯೂ ಸಿಗುತ್ತದೆ, ಪಲ್ಯಕ್ಕೆ ಒಗ್ಗರಣೆಯ ಸಾಸಿವೆಯನ್ನು ಅಮ್ಮನೇ ತರಲಿ.

ದಾರಿಯಲ್ಲಿ ದೇಶ ಬದಲಾಗುತ್ತದೆ: ಯೂನಿಯನ್‌ನಲ್ಲಿ ಸೇಂಟ್ ವಿನ್ಸೆಂಟ್‌ನಿಂದ ನಿರ್ಗಮನ ಮುದ್ರೆ, ಕ್ಯಾರಿಯಾಕೂದಲ್ಲಿ ಗ್ರೆನಡಾದ ಪ್ರವೇಶ ಮುದ್ರೆ. ಎರಡೂ ಕಡೆಯ ಪ್ರಯಾಣಿಕರ ಪಟ್ಟಿಯಲ್ಲಿ ಅಮ್ಮನ ಹೆಸರಿರಬೇಕು. ಬರುವಾಗ ವಿಮಾನ ನಿಲ್ದಾಣದಲ್ಲಿ ಮರುಪ್ರಯಾಣದ ಟಿಕೆಟ್ ಕೇಳುತ್ತಾರೆ. ಗ್ರೆನಡಾದ ಟಿಕೆಟ್ಟಿನ ಜೊತೆಗೆ, ಅವರು ನಿಮ್ಮ ದೋಣಿಯಲ್ಲಿ ಹೊರಡುತ್ತಾರೆಂದು ನೀವು ಸಹಿ ಮಾಡಿದ ಪತ್ರವೊಂದು ಅವರ ಕೈಯಲ್ಲಿರಲಿ. ವಿಮಾನಕ್ಕೆ ಎರಡು ದಿನ ಮೊದಲೇ ಗ್ರೆನಡಾ ಸೇರುವಂತೆ ಲೆಕ್ಕ ಹಾಕಿ. ಗಾಳಿ ಜೋರಾದರೆ ಕ್ಯಾರಿಯಾಕೂದಲ್ಲಿ ಕಾಯಲು ಆ ಎರಡು ದಿನ ಬೇಕಾಗುತ್ತವೆ. ಗಾಳಿ ಜೋರಾಗದಿದ್ದರೆ ಗ್ರೆನಡಾದ ರಾಜಧಾನಿ ಸೇಂಟ್ ಜಾರ್ಜಸ್‌ನ ಸಂತೆಯಲ್ಲಿ ಅಮ್ಮ ಜಾಯಿಕಾಯಿಗೆ ಚೌಕಾಸಿ ಮಾಡಲಿ.