ಒಳಚರಂಡಿ ಇಂಜಿನಿಯರ್ ಕಟ್ಟಿದ ಸ್ಮಶಾನ

ಪೂರ್ವ ಲಂಡನ್ನಿನ ಮ್ಯಾನರ್ ಪಾರ್ಕ್ ಕಡೆ ಹೋದರೆ ಸಿಟಿ ಆಫ್ ಲಂಡನ್ ಸ್ಮಶಾನ ಸಿಗುತ್ತದೆ. 1856ರಲ್ಲಿ ಶುರುವಾದದ್ದು, ಸುಮಾರು 200 ಎಕರೆ. ಬಳಸಿಕೊಂಡು ಹೋಗುವ ರಸ್ತೆಗಳು, ಸಾಲುಮರ, ಎತ್ತರದ ಗೋಪುರದ ಪ್ರಾರ್ಥನಾ ಮಂದಿರ ನೋಡಿದರೆ ಯಾರೋ ಶ್ರೀಮಂತರ ತೋಟ ಅನ್ನಬೇಕು. ಇದರ ನಕ್ಷೆ ಹಾಕಿದ ವಿಲಿಯಂ ಹೇವುಡ್ ಮಾತ್ರ ನಗರದ ಒಳಚರಂಡಿ ಆಯೋಗದ ಇಂಜಿನಿಯರ್!

ಸುಮ್ನೆ ಹಾಗಾದದ್ದಲ್ಲ. ಆಗ ಹೆಣಗಳನ್ನು ಹೂಳುತ್ತಿದ್ದದ್ದು ಊರೊಳಗಿನ ಚರ್ಚಿನ ಅಂಗಳದಲ್ಲೇ. ಜನ ಜಾಸ್ತಿಯಾದರು, ಅಂಗಳ ಅಷ್ಟೇ ಉಳಿಯಿತು, ಹಾಗಾಗಿ ಹಳೆಯದು ಕರಗುವ ಮೊದಲೇ ಅದೇ ಗುಂಡಿ ಮತ್ತೆ ಅಗೆಯುತ್ತಿದ್ದರು. ಜಾರ್ಜ್ ವಾಕರ್ ಎಂಬ ವೈದ್ಯ 1839ರಲ್ಲೇ ಇದನ್ನೆಲ್ಲ ಬರೆದು ಗಲಾಟೆ ಎಬ್ಬಿಸಿದ್ದ. 1848-49ರ ಕಾಲರಾ ಬಂದಾಗ ಯಾರಿಗೂ ಸುಮ್ಮನಿರಲು ಆಗಲಿಲ್ಲ. ಕೆಟ್ಟ ವಾಸನೆಯಿಂದಲೇ ರೋಗ ಅಂತ ನಂಬಿದ್ದ ಕಾಲ ಅದು. ನಂಬಿಕೆ ತಪ್ಪು, ಆದರೆ ಅದರಿಂದಾದ ಕೆಲಸ ಒಳ್ಳೆಯದೇ. 1852ರ ಕಾನೂನು ಊರೊಳಗಿನ ಸ್ಮಶಾನ ಮುಚ್ಚಿಸಲು, ಹೊರಗೆ ಸಾರ್ವಜನಿಕ ದುಡ್ಡಲ್ಲಿ ಜಾಗ ಕೊಳ್ಳಲು ದಾರಿ ಮಾಡಿತು. ಸಿಟಿಯಲ್ಲಿ, ಅಂದರೆ ಲಂಡನ್ನಿನ ನಡುವಿನ ಹಳೆಯ ಭಾಗದಲ್ಲಿ, ಈ ಹೊಣೆ ಬಿದ್ದದ್ದು ಚರಂಡಿ ನೋಡಿಕೊಳ್ಳುವವರ ಮೇಲೆ. ಕೊಳಚೆ ಹೊರಗೆ ಸಾಗಿಸುವವರೇ ಹೆಣವನ್ನೂ ಸಾಗಿಸಲಿ ಅನ್ನುವ ಲೆಕ್ಕ, ಅಲ್ವಾ?

ಹೇವುಡ್ ಅಲ್ಲಿದ್ದ ಕೊಳವೊಂದರ ನೀರು ಬಸಿದು, ಆ ತಗ್ಗಿನಲ್ಲಿ ಶವಪೆಟ್ಟಿಗೆ ಇಡುವ ಕಲ್ಲಿನ ಗೂಡುಗಳನ್ನು ಕಟ್ಟಿಸಿದ. ಜನಕ್ಕೆ ಅದು ಹಿಡಿಸಲಿಲ್ಲ, ಮುಂದೆ ಅದರಲ್ಲೊಂದಷ್ಟನ್ನು ಚಿತಾಭಸ್ಮ ಇಡಲು ಬಳಸಿದರು. ಆಂಗ್ಲಿಕನ್ನರಿಗೆ, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನವರಿಗೆ, ಒಂದು ಪ್ರಾರ್ಥನಾ ಮಂದಿರ, ಆ ಚರ್ಚಿಗೆ ಸೇರದವರಿಗೆ ಬೇರೆಯೇ ಒಂದು. ಮುಂದೆ ಇದೇ ಹೇವುಡ್ ಹೊಲ್ಬರ್ನ್ ಮೇಲ್ಸೇತುವೆ ಕಟ್ಟಿಸುವಾಗ ಸೇಂಟ್ ಆಂಡ್ರೂ ಚರ್ಚಿನ ಅಂಗಳ ಅಡ್ಡ ಬಂತು. ಅಲ್ಲಿಂದ ತೆಗೆದ ಸಾವಿರಾರು ಜನರ ಮೂಳೆಗಳೂ ಇಲ್ಲಿಗೇ ಬಂದವು. 1894ರಲ್ಲಿ ಅವನು ಸತ್ತ ಮೇಲೆ ಅವನ ಬೂದಿಯೂ.

ಈಗ ಇದು ಇಂಗ್ಲೆಂಡಿನ ಪಾರಂಪರಿಕ ಉದ್ಯಾನಗಳ ಪಟ್ಟಿಯಲ್ಲಿ ಮೊದಲ ದರ್ಜೆಯದು. ಹಾಗಂತ ಹೂಳುವುದು ನಿಂತಿಲ್ಲ, ಮತ್ತೆ ಜಾಗದ್ದೇ ತಲೆನೋವು. 75 ವರ್ಷ ದಾಟಿದ ಕೆಲವು ಸಮಾಧಿಗಳನ್ನು ಇಲ್ಲಿ ಮರುಬಳಕೆ ಮಾಡುತ್ತಾರೆ. ಮೊದಲು ನೋಟಿಸ್ ಹಾಕುತ್ತಾರೆ. ಮನೆಯವರು ಬಂದು ಬೇಡ ಅಂದರೆ ಆ ಸಮಾಧಿ ತಂಟೆಗೆ ಹೋಗುವುದಿಲ್ಲ. ಯಾರೂ ಬರದಿದ್ದರೆ ಹಳೆಯ ಕಲ್ಲನ್ನು ಎಸೆಯದೆ ತಿರುಗಿಸಿ ನಿಲ್ಲಿಸಿ, ಹೊಸ ಹೆಸರನ್ನು ಅದರ ಬೆನ್ನ ಮೇಲೆ ಕೆತ್ತುತ್ತಾರೆ. ವಿಕ್ಟೋರಿಯಾ ಕಾಲದ ಹೆಸರು ಓದಬೇಕಿದ್ದರೆ ಕಲ್ಲಿನ ಹಿಂದಕ್ಕೆ ಹೋಗಬೇಕು.