ಒಂದೇ ಕುದುರೆ ಎಂದು ತಂದ ಮನೆಯಲ್ಲಿ ಎರಡನೆಯದು ಯಾಕೆ ಬರುತ್ತದೆ

ಲಾಯದ ಬಾಗಿಲ ಬುಡದ ನೆಲ ನೋಡಿ. ಮುಂಗಾಲೆರಡರ ಅಗಲಕ್ಕೆ ಸರಿಯಾಗಿ ಎರಡು ತಗ್ಗು ಬಿದ್ದಿದ್ದರೆ, ಆ ಕುದುರೆ ದಿನದ ಬಹುಪಾಲು ಹೊತ್ತು ಅಲ್ಲೇ ನಿಂತು ತೊಟ್ಟಿಲಿನಂತೆ ಎಡಕ್ಕೂ ಬಲಕ್ಕೂ ತೂಗುತ್ತಿದೆ ಎಂದು ತಿಳಿಯಬೇಕು. ಬಾಗಿಲ ಮೇಲಂಚಿನ ಮರ ಸವೆದಿದ್ದು, ಮೇಲಿನ ಮುಂಹಲ್ಲುಗಳ ಅಂಚು ತೇದುಹೋಗಿದ್ದರೆ ಅದು ಮರ ಕಚ್ಚಿ ಗಾಳಿ ನುಂಗುವ ಚಟ. ಆಮೇಲೆ ಮುಂಗಾಲಿನಲ್ಲಿ ಗೊರಸಿನ ಮೇಲಿನ ಕೀಲು ನೋಡಿ. ಅದರ ಮುಂಭಾಗದಲ್ಲಿ ಕೂದಲು ಹೋಗಿ ಗಾಯ ಗಟ್ಟಿಯಾಗಿದ್ದರೆ ಮನೆಯವರು "ಕಲ್ಲಿಗೆ ಎಡವಿರಬೇಕು" ಎನ್ನುತ್ತಾರೆ. ಎಷ್ಟೋ ಸಲ ಅದು ನಿದ್ದೆಗೆಟ್ಟ ಕುದುರೆ ನಿಂತಲ್ಲೇ ತೂಕಡಿಸಿ ಮುಗ್ಗರಿಸಿದ ಗುರುತು.

ಕುದುರೆ ನಿಂತು ತೂಕಡಿಸಬಲ್ಲದು. ಕಾಲಿನ ಕೀಲುಗಳು ಅದಕ್ಕೆ ತಕ್ಕಂತೆ ಬಿಗಿದುಕೊಳ್ಳುತ್ತವೆ. ಆದರೆ ಗಾಢ ನಿದ್ದೆಗೆ ಅದು ಮಲಗಲೇಬೇಕು. ದಿನಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು, ಅದೂ ತುಂಡು ತುಂಡಾಗಿ. ಮಲಗಿದ ಕುದುರೆಗೆ ಏಳಲು ಹೊತ್ತು ಬೇಕು. ಅಷ್ಟರಲ್ಲಿ ಹುಲಿಯೋ ಚಿರತೆಯೋ ಬಂದರೆ ಕತೆ ಮುಗಿಯಿತು ಎಂಬ ಭಯ ಅದರ ರಕ್ತದಲ್ಲೇ ಇದೆ. ಹಿಂಡಿನಲ್ಲಿ ಒಂದು ಮಲಗಿದಾಗ ಇನ್ನೊಂದು ನಿಂತು ಕಾಯುತ್ತದೆ. ಕಾಯುವವರಿಲ್ಲದ ಕಡೆ ಎಷ್ಟೋ ಕುದುರೆಗಳು ಮಲಗುವುದೇ ಇಲ್ಲ. ಸುತ್ತ ಕಾಡು, ರಾತ್ರಿಯೆಲ್ಲ ಜೀರುಂಡೆ ಸದ್ದು, ನಡುನಡುವೆ ಕಾಡುಹಂದಿಯ ಓಡಾಟ ಇರುವ ಸಾಗರ, ಹೊಸನಗರ, ತೀರ್ಥಹಳ್ಳಿಯ ಒಂಟಿ ಮನೆಗಳಲ್ಲಿ ಈ ತೊಂದರೆ ಬೇಗ ಕಣ್ಣಿಗೆ ಬೀಳುತ್ತದೆ.

ಆದ್ದರಿಂದ ಎರಡನೆಯ ಕುದುರೆ ತಂದವರನ್ನು ಶೋಕಿಯವರು ಎಂದು ನಗುವುದು ಸರಿಯಲ್ಲ. ಅವರಲ್ಲಿ ಎಷ್ಟೋ ಮಂದಿ ಆ ಪ್ರಾಣಿಯ ಕಷ್ಟ ನೋಡಲಾರದೆ ತಂದವರು. ಬೇಸರದ ಸಂಗತಿ ಬೇರೆ: ಮೊದಲನೆಯದನ್ನು ತರುವಾಗಲೇ ಎರಡರ ಲೆಕ್ಕ ಹಾಕಿರುವುದಿಲ್ಲ. ಮಲೆನಾಡಿಗೆ ತನ್ನದೇ ಕುದುರೆ ತಳಿ ಇಲ್ಲ. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಭಟ್ಕಳ, ಹೊನ್ನಾವರ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ಬಯಲುಸೀಮೆಗೆ ಹೋಗುತ್ತಿದ್ದವು. ನಮ್ಮಲ್ಲಿ ಮನೆಮನೆಗೆ ಗೊತ್ತಿರುವುದು ದನದ ವಿಚಾರ. ಕೊಟ್ಟಿಗೆಯ ಆ ತಿಳಿವಳಿಕೆಯನ್ನೇ ಲಾಯಕ್ಕೂ ಹಾಕಿದಾಗ ಎಡವಟ್ಟಾಗುತ್ತದೆ.

ಜೊತೆ ಎಂದರೆ ಕುದುರೆಯೇ ಆಗಬೇಕೇ? ಒಳ್ಳೆಯದು ಅದೇ. ಒಂದರ ಹೆಗಲನ್ನು ಇನ್ನೊಂದು ಹಲ್ಲಿನಿಂದ ಕೆರೆಯುವುದು, ತಲೆ-ಬಾಲ ಅದಲುಬದಲಾಗಿ ನಿಂತು ಪರಸ್ಪರ ನೊಣ ಓಡಿಸುವುದು ಬೇರೆ ಪ್ರಾಣಿಯಿಂದ ಆಗದು. ಆದರೂ ಆಡು ತಕ್ಕಮಟ್ಟಿಗೆ ಒಗ್ಗುತ್ತದೆ. ಮಲೆನಾಡು ಗಿಡ್ಡ ಹಸುವೂ ಆದೀತು. ಅದರಿಂದ ಇನ್ನೊಂದು ಲಾಭವಿದೆ. ಕುದುರೆಯ ಹೊಟ್ಟೆಹುಳುಗಳಲ್ಲಿ ಹೆಚ್ಚಿನವು ದನದಲ್ಲಿ ಬದುಕುವುದಿಲ್ಲ, ದನದವು ಕುದುರೆಯಲ್ಲಿ ಬದುಕುವುದಿಲ್ಲ. ಒಂದೇ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಸರದಿಯ ಮೇಲೆ ಮೇಯಿಸಿದರೆ ಹುಳುವಿನ ಕಾಟ ಇಳಿಯುತ್ತದೆ. ಕತ್ತೆ ತರುವುದಾದರೆ ಮೊದಲು ಶ್ವಾಸಕೋಶದ ಹುಳುವಿಗೆ ಲದ್ದಿ ಪರೀಕ್ಷೆ ಮಾಡಿಸಿ. ಕತ್ತೆ ಕೆಮ್ಮದೆ ಅದನ್ನು ಹೊತ್ತಿರುತ್ತದೆ, ಅಂಟಿಸಿಕೊಂಡ ಕುದುರೆ ತಿಂಗಳುಗಟ್ಟಲೆ ಕೆಮ್ಮುತ್ತದೆ. ಕುರಿ ಅಡಿಕೆ ತೋಟದ ಮನೆಗೆ ಹೊಂದುವುದಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಮರದ ಕೆಳಗಿನ ಹುಲ್ಲಿನಲ್ಲಿ ತಾಮ್ರ ಉಳಿಯುತ್ತದೆ, ಕುರಿಗೆ ತಾಮ್ರ ವಿಷ.

ಒಂಟಿತನವೊಂದೇ ಕಾರಣವಲ್ಲ. ರೇಸ್ ಬಿಟ್ಟ ಥರೋಬ್ರೆಡ್ ಕುದುರೆ ಅಗ್ಗಕ್ಕೆ ಸಿಗುತ್ತದೆ ಎಂದು ಬೆಂಗಳೂರಿನಿಂದ ತರುತ್ತಾರೆ. ನಾಲ್ಕೂವರೆ ನೂರರಿಂದ ಐನೂರು ಕಿಲೋದ ಮೈ, ತೆಳು ಅಂಗಾಲು, ಚಿಟಿಕೆ ಸದ್ದಿಗೂ ಬೆಚ್ಚುವ ಸ್ವಭಾವ. ಜಂಬಿಟ್ಟಿಗೆ ಕಲ್ಲಿನ ಏರು-ತಗ್ಗಿನಲ್ಲಿ ಅದು ಒದ್ದಾಡುತ್ತದೆ. ಮಾರಲು ಮನಸ್ಸು ಬರುವುದಿಲ್ಲ, ಸವಾರಿಗೆ ಇನ್ನೊಂದು ಬೇಕೇ ಬೇಕು; ಮಾರವಾಡಿಯೋ ಕಾಠಿಯಾವಾಡಿಯೋ ತಳಿಯ ಕುದುರೆ ಬರುತ್ತದೆ. ಆಗ ಭಾರದ ಪ್ರಶ್ನೆ ಏಳುತ್ತದೆ. ಸವಾರ, ಜೀನು, ಲಗಾಮು ಎಲ್ಲ ಸೇರಿ ಕುದುರೆಯ ಮೈತೂಕದ ನೂರಕ್ಕೆ 20 ಪಾಲು ಮೀರಬಾರದು, ಏರು ದಾರಿಯಲ್ಲಿ ಇನ್ನೂ ಕಡಿಮೆ. ತೂಕಕ್ಕೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ಅದರಿಂದಲೇ ಗುಣಿಸಿ. ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 165, ಉದ್ದ 150 ಇದ್ದರೆ ಸುಮಾರು 344 ಕಿಲೋ. ಅದು ಹೊರಬಹುದಾದದ್ದು 69 ಕಿಲೋ. ಜೀನಿಗೆ ಎಂಟು-ಹತ್ತು ಕಳೆದರೆ ಸವಾರ 60 ಕಿಲೋ ಒಳಗಿರಬೇಕು. ಮಗಳು ಹತ್ತುತ್ತಿದ್ದ ಕುದುರೆಗೆ ಅಪ್ಪ ಹತ್ತುವಂತಿಲ್ಲ ಎಂದು ಗೊತ್ತಾಗುವುದು ಈ ಲೆಕ್ಕದಲ್ಲೇ.

ಹೋಂಸ್ಟೇಯವರ ಕಾರಣ ಇನ್ನೂ ಸರಳ. ಡಿಸೆಂಬರ್ ರಜೆಯ ನಡುವೆ ಕುದುರೆ ಕುಂಟಿದರೆ ಕೆಲಸ ನಿಂತಿತು. ಗೊರಸಿನೊಳಗಿನ ಕೀವು ವಾರದಲ್ಲಿ ಆರೀತು. ಮುಂಗಾಲಿನ ಹಿಂದಿನ ಸ್ನಾಯುರಜ್ಜು ಹರಿದರೆ ಆರು ತಿಂಗಳಿಂದ ವರ್ಷದವರೆಗೆ ವಿಶ್ರಾಂತಿ. ಜಾತ್ರೆಯಲ್ಲಿ ಕೊಂಡ ಹೆಣ್ಣು ಕುದುರೆಯ ದೊಡ್ಡ ಹೊಟ್ಟೆಯನ್ನು ಹುಲ್ಲಿನ ಹೊಟ್ಟೆ ಎಂದುಕೊಂಡು, ಮರಿ ಹಾಕಿದ ಮೇಲೆ ಕಣ್ಣರಳಿಸುವವರೂ ಇದ್ದಾರೆ. ಗರ್ಭ ಹನ್ನೊಂದು ತಿಂಗಳು. ಕೊಳ್ಳುವ ಮೊದಲು ಸ್ಕ್ಯಾನ್ ಮಾಡಿಸಿದರೆ ತಿಳಿದುಹೋಗುತ್ತದೆ. ಹುಟ್ಟಿದ್ದು ಗಂಡು ಮರಿಯಾದರೆ ವರ್ಷ ತುಂಬುವುದರೊಳಗೆ ತಾಯಿಯಿಂದ ಬೇರೆ ಮಾಡಿ, ಬೀಜ ತೆಗೆಸಿ. ತೆಗೆಸಿದ ಮೇಲೂ ಆರು ವಾರ ಹೆಣ್ಣಿನ ಹತ್ತಿರ ಬಿಡಬೇಡಿ. ಇನ್ನು ಮುದಿ ಕುದುರೆ. ಇಪ್ಪತ್ತು ದಾಟಿದ್ದಕ್ಕೆ ಜೀನು ಹಾಕುವುದು ನಿಲ್ಲಿಸಿದರೂ ಅದು ಇಪ್ಪತ್ತೈದು, ಮೂವತ್ತರವರೆಗೆ ಬದುಕುತ್ತದೆ. ದುಡಿದ ಪ್ರಾಣಿಯನ್ನು ಕೊನೆಯವರೆಗೆ ಸಾಕುವುದು ಮಾಲೀಕರ ಕರ್ತವ್ಯವೇ; ಅದರ ಪಾಲಿನ ಹುಲ್ಲನ್ನೂ ಮೊದಲೇ ಎಣಿಸಿರಬೇಕು.

ಎರಡು ಸೇರಿದ ಮೇಲೆ ಮೂರನೆಯದಕ್ಕೆ ದಾರಿ ತಾನಾಗಿ ತೆರೆಯುತ್ತದೆ. ಜೋಡಿ ಎಷ್ಟು ಒಗ್ಗುತ್ತದೆಂದರೆ, ಒಂದನ್ನು ಸವಾರಿಗೆ ಹೊರಡಿಸಿದರೆ ಇನ್ನೊಂದು ಕೆನೆಯುತ್ತಾ ಬೇಲಿಯುದ್ದಕ್ಕೂ ಓಡಿ ಮೈಯೆಲ್ಲ ಬೆವರುತ್ತದೆ. ಮುಳ್ಳುತಂತಿ ಬೇಲಿ ಇದ್ದರಂತೂ ಎದೆ ಸೀಳುವುದೂ ಉಂಟು. ಇದಕ್ಕೆ ಮೂರನೆಯದನ್ನು ತರುವವರಿದ್ದಾರೆ. ಮಲೆನಾಡಿನ ಮಳೆಗೆ ಮೂರು ಕುದುರೆ ಹೆಚ್ಚಿನ ಮನೆಗಳಿಗೆ ಹೊರೆಯೇ. ಅದರ ಬದಲು ಅಗಲಿಕೆಯನ್ನು ಅಭ್ಯಾಸ ಮಾಡಿಸಿ. ಉಳಿಯುವ ಕುದುರೆಯ ಮುಂದೆ ಹುಲ್ಲಿನ ಬಲೆ ಕಟ್ಟಿ, ಇನ್ನೊಂದನ್ನು ಕಣ್ಣಳತೆಯಲ್ಲೇ ಎರಡು ನಿಮಿಷ ಆಚೆ ಒಯ್ದು ತನ್ನಿ. ಕೂಗಾಟ ಶುರುವಾಗುವ ಮುಂಚೆ ವಾಪಸು ತರುವುದರಲ್ಲೇ ಇದರ ಗುಟ್ಟಿದೆ. ದಿನಕ್ಕೆ ನಾಲ್ಕೈದು ಸಲ ಹೀಗೆ ಮಾಡಿ ಎರಡು ನಿಮಿಷವನ್ನು ಐದು, ಹತ್ತು ಮಾಡುತ್ತಾ, ಆಮೇಲೆ ಕಣ್ಮರೆಗೆ ಒಯ್ಯಿರಿ. ಒಂದೆರಡು ತಿಂಗಳು ಬಿಡದೆ ಮಾಡಿದರೆ ಬಹಳಷ್ಟು ಜೋಡಿಗಳು ಸುಧಾರಿಸುತ್ತವೆ.

ಹೊಸದನ್ನು ತಂದ ದಿನವೇ ಹಳೆಯದರ ಪಕ್ಕ ಕಟ್ಟುವುದು ಎಲ್ಲಕ್ಕಿಂತ ಅಪಾಯದ ತಪ್ಪು. ಮೂರು ವಾರ ಬೇರೆ ಇಡಿ, ಕನಿಷ್ಠ 30 ಮೀಟರ್ ದೂರದಲ್ಲಿ. ಬಕೆಟ್ಟು, ಬ್ರಷ್ಷು, ಹಗ್ಗ ಎಲ್ಲ ಬೇರೆ. ಹಳೆಯದರ ಕೆಲಸ ಮುಗಿಸಿಯೇ ಹೊಸದರ ಬಳಿಗೆ ಹೋಗಿ. ಬೆಳಿಗ್ಗೆ ಸಂಜೆ ಗುದದಲ್ಲಿ ಜ್ವರ ನೋಡಿ ಬರೆದಿಡಿ. ಸಹಜ ಉಷ್ಣ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್. ಜ್ವರ ಏರಿ, ಮೂಗಿನಲ್ಲಿ ಕೀವು, ದವಡೆಯ ಕೆಳಗೆ ಗಂಟು ಬಂದರೆ ಸ್ಟ್ರಾಂಗಲ್ಸ್ ಎಂಬ ಅಂಟುರೋಗ ಇರಬಹುದು; ಮೂಗಿನ ಕೀವಿನಿಂದಲೂ ಆ ಗಂಟು ಒಡೆದ ಕೀವಿನಿಂದಲೂ ಇನ್ನೊಂದಕ್ಕೆ ಹರಡುತ್ತದೆ. ಗ್ಲ್ಯಾಂಡರ್ಸ್ ಪರೀಕ್ಷೆಗೆ ರಕ್ತ ಕಳಿಸದೆ ಯಾವ ಕುದುರೆಯನ್ನೂ ಒಳಗೆ ಸೇರಿಸಬೇಡಿ. ಈ ರೋಗ ಮನುಷ್ಯರಿಗೂ ಅಂಟುತ್ತದೆ, ಲಸಿಕೆ ಇಲ್ಲ, ಖಚಿತವಾದರೆ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸಬೇಕಾಗುತ್ತದೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದಲ್ಲಿ ಇದರ ಪರೀಕ್ಷೆ ನಡೆಯುತ್ತದೆ. ಸರ್ಕಾರಿ ಪಶುವೈದ್ಯರ ಮೂಲಕ ರಕ್ತದ ಮಾದರಿ ಕಳಿಸಿ. ದೊಡ್ಡ ಕಡಿಯುವ ನೊಣಗಳಿಂದ ಹರಡುವ ಸರ್ರಾ ರೋಗಕ್ಕೂ ಅದೇ ರಕ್ತದಲ್ಲಿ ನೋಡಿಸಬಹುದು. ಧನುರ್ವಾಯು ಲಸಿಕೆಯನ್ನು ಆಗಲೇ ಶುರುಮಾಡಿ: ನಾಲ್ಕು ವಾರದ ಅಂತರದಲ್ಲಿ ಎರಡು, ಆಮೇಲೆ ವರ್ಷಕ್ಕೊಂದು.

ಮೂರು ವಾರದ ಮೇಲೆ ಬೇಲಿಯ ಆಚೆ-ಈಚೆ ಬಿಡಿ. ಎರಡೂ ಕತ್ತು ಚಾಚಿ ಮೂಗಿಗೆ ಮೂಗು ತಂದು ಉಸಿರು ಎಳೆದುಕೊಳ್ಳುತ್ತವೆ, ಹೊಳ್ಳೆಗಳು ಅರಳುತ್ತವೆ. ಇದ್ದಕ್ಕಿದ್ದಂತೆ ಒಂದು ಕಿರುಚಿ ಮುಂಗಾಲನ್ನು ನೆಲಕ್ಕೆ ಬಡಿಯುತ್ತದೆ. ಮನೆಯವರಿಗೆ ಎದೆ ಝಲ್ಲೆನ್ನುವುದು ಆಗಲೇ. ಅದು ಪರಿಚಯದ ಮಾತು, ಹೆದರಬೇಡಿ. ನಾಲ್ಕೈದು ದಿನದಲ್ಲಿ ಕಿರುಚಾಟ ಕಡಿಮೆಯಾಗಿ ಬೇಲಿಯ ಬಳಿಯೇ ಒಟ್ಟಿಗೆ ಮೇಯತೊಡಗಿದರೆ, ಹಿಂಗಾಲಿನ ಲಾಳ ಬಿಚ್ಚಿಸಿ ಬಯಲಿಗೆ ಬಿಡಿ. ಹುಲ್ಲಿನ ರಾಶಿ ಎರಡಲ್ಲ, ಮೂರಿರಲಿ, ಒಂದಕ್ಕೊಂದು ಹತ್ತು ಮೀಟರ್ ದೂರದಲ್ಲಿ. ಮೂಲೆಗೆ ಸಿಕ್ಕಿಬೀಳುವ ಜಾಗ, ತೆರೆದ ಬಾವಿ, ಅಡಿಕೆ ತೋಟದ ಬಸಿಗಾಲುವೆ ಹತ್ತಿರ ಇರಕೂಡದು. ಅಟ್ಟಿಸಿಕೊಂಡು ಹೋಗುವ ಕುದುರೆಗೆ ನೆಲ ಕಾಣುವುದಿಲ್ಲ.

ಲಾಳ ಕಟ್ಟುವವರು ನಮ್ಮ ಕಡೆ ಅಪರೂಪ. ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಲೇಬೇಕು. ದೂರದಿಂದ ಬರುವವರಿಗೆ ಒಂದಿರಲಿ ಎರಡಿರಲಿ ದಾರಿ ಖರ್ಚು ಒಂದೇ. "ಹೇಗೂ ಖರ್ಚು ಆಗುತ್ತದೆ, ಇನ್ನೊಂದು ಇರಲಿ" ಎಂಬ ಮಾತು ಹುಟ್ಟುವುದು ಇಲ್ಲಿಂದ. ಈ ಲೆಕ್ಕ ಅರ್ಧ ಮಾತ್ರ ಸರಿ, ಏಕೆಂದರೆ ಹುಲ್ಲಿಗೆ ರಿಯಾಯಿತಿ ಇಲ್ಲ. 350 ಕಿಲೋ ಕುದುರೆಗೆ ದಿನಕ್ಕೆ ಏಳು ಕಿಲೋ ಒಣಹುಲ್ಲು. ಎರಡಕ್ಕೆ ಹದಿನಾಲ್ಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸುಮಾರು 120 ದಿನಕ್ಕೆ 1,680 ಕಿಲೋ. ಬೂಸಲು ಹಿಡಿದು ಹಾಳಾಗುವುದನ್ನು ಸೇರಿಸಿದರೆ ಎರಡು ಟನ್. ಬಯಲಲ್ಲಿ ಗೊಣಬೆ ಹಾಕಿದರೆ ದನಕ್ಕೆ ನಡೆದೀತು. ಕುದುರೆಗೆ ಬೂಸಲಿನ ಹುಲ್ಲು ಎಂದರೆ ಕೆಮ್ಮು, ಹೊಟ್ಟೆಶೂಲೆ. ಅಟ್ಟದ ಮೇಲೇ ಇಡಬೇಕು.

ಹಸಿಮೇವಿನಲ್ಲಿ ಕೊಟ್ಟಿಗೆಯ ಲೆಕ್ಕ ಪೂರ್ತಿ ಕೈಕೊಡುತ್ತದೆ. ನೇಪಿಯರ್ ಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ಅಂಶವನ್ನು ಹಸುವಿನ ಮೆಲುಕು ಹೊಟ್ಟೆ ಒಡೆಯುತ್ತದೆ, ಕುದುರೆಯ ಹೊಟ್ಟೆ ಹಾಗಲ್ಲ. ಸುಣ್ಣದ ಅಂಶ (ಕ್ಯಾಲ್ಸಿಯಂ) ಆ ಆಕ್ಸಲೇಟಿಗೆ ಸಿಕ್ಕಿಕೊಂಡು ಲದ್ದಿಯಲ್ಲಿ ಹೋಗುತ್ತದೆ. ಜೊತೆಗೆ ಅಕ್ಕಿ ತೌಡು ಸುರಿದರೆ ಕೆಟ್ಟದ್ದಕ್ಕೆ ಇನ್ನಷ್ಟು ಕೆಟ್ಟದ್ದು: ಅದರಲ್ಲಿ ರಂಜಕ (ಫಾಸ್ಫರಸ್) ಸುಣ್ಣದ ಹತ್ತು ಪಟ್ಟಿಗೂ ಮಿಕ್ಕಿದೆ. ಕೆಲವು ತಿಂಗಳಲ್ಲಿ ಮೂಳೆಯಿಂದ ಸುಣ್ಣ ಕರಗಿ, ಇವತ್ತು ಈ ಕಾಲು ನಾಳೆ ಆ ಕಾಲು ಕುಂಟುತ್ತದೆ, ಕಣ್ಣಿನ ಕೆಳಗೆ ಮುಖದ ಮೂಳೆ ಉಬ್ಬುತ್ತದೆ. ನೇಪಿಯರ್ ಅರ್ಧಕ್ಕಿಂತ ಕಡಿಮೆ ಇರಲಿ, ತೌಡು ಬಿಡಿ. ನೆನೆಸಿ ಬೇಯಿಸಿದ ಹುರುಳಿ ಒಂದು ಕಿಲೋ ಮೀರದಂತೆ, ಜೊತೆಗೆ ವೈದ್ಯರು ಹೇಳಿದಷ್ಟು ಸುಣ್ಣಾಂಶದ ಪುಡಿ ಕೊಡಿ. ಕೋಳಿ ಆಹಾರದ ಚೀಲ ಲಾಯದ ಹತ್ತಿರ ಇಡಲೇಬೇಡಿ. ಅದರಲ್ಲಿ ಸೇರಿಸುವ ಮೊನೆನ್ಸಿನ್‌ನಂಥ ಔಷಧ ಕುದುರೆಯ ಹೃದಯವನ್ನೇ ಕೊಲ್ಲುತ್ತದೆ.

ಲಾಯ ಕಟ್ಟುವುದಾದರೆ ಮೊದಲೇ ಎರಡು ಅಂಕಣ ಕಟ್ಟಿ, ತಲಾ 12 ಅಡಿಗೆ 12 ಅಡಿ. ನಡುವಿನ ಗೋಡೆ ನಾಲ್ಕೂವರೆ ಅಡಿ ಗಟ್ಟಿಯಾಗಿದ್ದು ಮೇಲೆ ಸರಳಿರಲಿ. ಒಂದಕ್ಕೊಂದು ಕಾಣಬೇಕು, ಒದೆಯಲು ಸಿಗಬಾರದು. ನೆಲ ಅಂಗಳಕ್ಕಿಂತ ಒಂದಡಿ ಎತ್ತರ, ಪಡುವಣ ಬದಿಯ ಸೂರು ಆರು ಅಡಿ ಮುಂದಕ್ಕೆ. ಕೊಟ್ಟಿಗೆಗೆ ಹಾಸುವ ಹಾಗೆ ಹಸಿ ಸೊಪ್ಪು ಹಾಸಬೇಡಿ. ಅದು ಗಂಜಲ ಹೀರಿ ಕೊಳೆತು, ಗೊರಸಿನ ಅಡಿಯ ಮೆತ್ತನೆಯ ತ್ರಿಕೋನ ಭಾಗದ ಇಕ್ಕೆಲದ ಸಂದಿಯಲ್ಲಿ ಕಪ್ಪಗೆ ಗಬ್ಬು ವಾಸನೆಯ ಕೊಳೆ ಹುಟ್ಟಿಸುತ್ತದೆ. ಚೆನ್ನಾಗಿ ಒಣಗಿದ ಮರದ ಹೊಟ್ಟು ಒಳ್ಳೆಯದು. ದಿನಕ್ಕೊಂದು ಸಲ ಗೊರಸು ಕೆರೆದು ಒಣಗಿಸಿ. ದಿನಕ್ಕೆ ಒಂದೊಂದು ಕುದುರೆಯೂ ಹದಿನೈದು-ಇಪ್ಪತ್ತು ಕಿಲೋ ಲದ್ದಿ ಹಾಕುತ್ತದೆ. ಎರಡು-ಮೂರು ತಿಂಗಳು ಕೊಳೆತ ಮೇಲೆ ಅಡಿಕೆ ಬುಡಕ್ಕೆ ಹಾಕಬಹುದು.

ಎರಡನೆಯದನ್ನು ತರಲು ನವೆಂಬರ್ ಹದವಾದ ತಿಂಗಳು. ಮಳೆ ಬಿಟ್ಟಿರುತ್ತದೆ, ಬೇರೆ ಇಡುವ ಮೂರು ವಾರ ಬಯಲಲ್ಲೇ ಕಳೆಯುತ್ತದೆ, ಮುಂದಿನ ಜೂನ್ ಹೊತ್ತಿಗೆ ಜೋಡಿ ಒಗ್ಗಿರುತ್ತದೆ. ಎಚ್ಚರ ಬೇಕಾದದ್ದು ಉಣುಗಿನ ವಿಷಯದಲ್ಲಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ, ಉಣುಗು ಕಡಿದು ಹರಡುವ ಮಂಗನ ಕಾಯಿಲೆ ಇಂದಿಗೂ ಡಿಸೆಂಬರ್‌ನಿಂದ ಮೇವರೆಗೆ ಮರುಕಳಿಸುತ್ತದೆ. ಆ ತಿಂಗಳುಗಳಲ್ಲಿ ಕಾಡಿನ ಹಾದಿಯ ಸವಾರಿ ಬೇಡ. ಮನೆಗೆ ಬಂದ ಕುದುರೆಯ ಕಿವಿಯೊಳಗೆ, ಕೇಸರದ ಬುಡ, ಬಾಲದ ಕೆಳಗೆ, ತೊಡೆಸಂದಿಯಲ್ಲಿ ಕೈಗವಸು ಹಾಕಿ ಹುಡುಕಿ, ಚಿಮಟದಿಂದ ಕಿತ್ತು ಸೋಪಿನ ನೀರಿಗೆ ಹಾಕಿ. ದನಕ್ಕೆ ಹೊಡೆಯುವ ಅಮಿಟ್ರಾಜ್ ಔಷಧ ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿರುತ್ತದೆ. ಅದನ್ನು ಕುದುರೆಗೆ ಹಚ್ಚಬೇಡಿ. ಕರುಳಿನ ಚಲನೆ ನಿಂತು ಲದ್ದಿ ಕಟ್ಟಿಕೊಳ್ಳುತ್ತದೆ. ಕೆಲಸದವರಿಗೂ ಹೇಳಿ, ಆ ಬಾಟಲಿಯ ಮೇಲೆ "ದನಕ್ಕೆ ಮಾತ್ರ" ಎಂದು ದಪ್ಪಗೆ ಬರೆದಿಡಿ.